ಘಾಟಿ ಹತ್ತಿದ ಪದ್ಮಿನಿಗೆ ಮಂಡೆಬಿಸಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪ ಕೊಂಡಿದ್ದ 1984ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಕೈಯಲ್ಲಿದೆ. ಬೆಳಿಗ್ಗೆ ಅರ್ಧ ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ತಂಗಿಯ ಮನೆ ಹೆಬ್ರಿಯಲ್ಲಿ. ಹೋಗುವಾಗ ಏನೂ ತೊಂದರೆ ಇಲ್ಲ. ವಾಪಸು ಬರುವಾಗ ಸೋಮೇಶ್ವರದಿಂದ ಘಾಟಿ ಹತ್ತಿ, ಆಗುಂಬೆಯಲ್ಲಿ ಕಾಫಿಗೆ ನಿಲ್ಲಿಸುತ್ತೇವೆ. ಇಪ್ಪತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ತಕರಾರು ಶುರು. ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದರೂ ಮಿಸ್ಸಿಂಗ್ ಹೊಡೆಯುತ್ತದೆ, ನಿಂತಲ್ಲೇ ಗಡಗಡ ನಡುಗುತ್ತದೆ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಒಳಗೆಲ್ಲ ಪೆಟ್ರೋಲ್ ವಾಸನೆ. ಐದಾರು ಕಿಲೋಮೀಟರ್ ಓಡಿದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಟೆಂಪರೇಚರ್ ಮುಳ್ಳು ಮಾತ್ರ ಯಾವಾಗಲೂ ನಡುವಿನಲ್ಲೇ ಇರುತ್ತದೆ. ಹೋದ ವರ್ಷ ಕಾರ್ಬುರೇಟರ್ ಓವರ್‌ಹಾಲ್ ಮಾಡಿಸಿದ್ದೇನೆ. ಒಬ್ಬರು ವೇಪರ್ ಲಾಕ್, ಎಸಿ ಪಂಪಿಗೆ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು) ಒದ್ದೆ ಬಟ್ಟೆ ಸುತ್ತಿ ಅನ್ನುತ್ತಾರೆ. ಇನ್ನೊಬ್ಬರು ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂದರು. ಮತ್ತೊಬ್ಬರ ಪ್ರಕಾರ ಆಗುಂಬೆಯ ಎತ್ತರಕ್ಕೆ ಗಾಳಿ ತೆಳುವಾಗಿ ಹೀಗಾಗುತ್ತದೆ, ಮಾರುತಿ 800ರ ಕಾರ್ಬುರೇಟರ್ ಹಾಕಿಸಬೇಕಂತೆ. ಎಲ್ಲ ಎಥನಾಲ್ ಮಹಿಮೆ ಅಂತ ನಮ್ಮ ಭಾವನ ವಾದ. ಯಾರ ಮಾತು ಕೇಳಲಿ? ಅಂದ ಹಾಗೆ, ಕಳೆದ ಏಪ್ರಿಲ್‌ನಲ್ಲಿ ಒಂದು ಸಲ ಘಾಟಿ ಹತ್ತುತ್ತಿರುವಾಗಲೇ ಗಾಡಿ ಪೂರ್ತಿ ನಿಂತುಹೋಗಿತ್ತು. ಆಗ ಯಾವ ವಾಸನೆಯೂ ಇರಲಿಲ್ಲ. ಅರ್ಧ ಗಂಟೆ ಬಿಟ್ಟು ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸುಲಭದ ಕೇಸು ಅನ್ನಿಸಿತು. ಎರಡನೇ ಸಲ ಓದುವಾಗ ನೀವು ‘ಅಂದ ಹಾಗೆ’ ಎಂದು ಸುಮ್ನೆ ಸೇರಿಸಿದ ಕೊನೆಯ ಮಾತಿನ ಹತ್ತಿರ ನಿಂತುಬಿಟ್ಟೆ. ನನಗೆ ಹೆಚ್ಚು ಚಿಂತೆ ಆಗಿದ್ದು ಅದನ್ನು ಓದಿಯೇ.

ನಿಮ್ಮ ಗಾಡಿಗೆ ಇರುವುದು ಒಂದು ಕಾಯಿಲೆ ಅಲ್ಲ, ಎರಡು. ಎರಡೂ ಇಂಜಿನ್ ಕಾದಾಗಲೇ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಎಲ್ಲರೂ ಒಂದೇ ಅಂದುಕೊಂಡು ಒಂದೇ ಔಷಧಿ ಹುಡುಕುತ್ತಿದ್ದಾರೆ. ಕಾಫಿ ಕುಡಿದ ಮೇಲಿನ ನಡುಕ ಪೆಟ್ರೋಲಿನ ಕಡೆಯದು. ಘಾಟಿ ನಡುವೆ ನಿಂತದ್ದು, ನನ್ನ ಅಂದಾಜಿನಲ್ಲಿ, ಕರೆಂಟಿನ ಕಡೆಯದು. ಮೊದಲನೆಯದು ಬರೀ ಕಿರಿಕಿರಿ. ಎರಡನೆಯದು ಹಾಗಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಯಾವುದೋ ಒಂದರಲ್ಲಿ, ಮೇಲಿನಿಂದ ಬಸ್ಸು ಇಳಿಯುತ್ತಿರುವಾಗ ಗಾಡಿ ನಿಂತರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಮೊದಲು ಕಾಫಿಯ ಕಥೆ ನೋಡೋಣ.

ಇಂಜಿನ್ ಓಡುವಾಗ ನೀರು ತಿರುಗುತ್ತಿರುತ್ತದೆ, ಫ್ಯಾನ್ ಗಾಳಿ ಎಳೆಯುತ್ತಿರುತ್ತದೆ, ಟ್ಯಾಂಕಿನಿಂದ ತಣ್ಣನೆಯ ಪೆಟ್ರೋಲ್ ಬರುತ್ತಿರುತ್ತದೆ. ಕೀ ತಿರುಗಿಸಿದ ಕ್ಷಣ ಮೂರೂ ನಿಂತವು. ಆದರೆ ಘಾಟಿ ಹತ್ತಿ ಬಂದ ಹೆಡ್ಡಿನಲ್ಲಿ, ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ತುಂಬಿಕೊಂಡ ಬಿಸಿ ಎಲ್ಲಿ ಹೋಗಬೇಕು? ಅದು ಮೇಲಕ್ಕೆ, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿಗೆ ಏರುತ್ತದೆ. ಒಲೆ ಆರಿಸಿದ ಮೇಲೂ ಹೆಂಚಿನ ಮೇಲಿನ ದೋಸೆ ಕಪ್ಪಾಗುತ್ತದಲ್ಲ, ಹಾಗೆ. ಗಾಡಿ ನಿಲ್ಲಿಸಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಬಾನೆಟ್ಟಿನ ಒಳಗಿನ ಬಿಸಿ ಏರುತ್ತಲೇ ಇರುತ್ತದೆ, ಆಮೇಲೆ ಇಳಿಯುತ್ತದೆ. ನಿಮ್ಮ ಕಾಫಿ ಮುಗಿಯುವುದು ಸರಿಯಾಗಿ ಆ ಹೊತ್ತಿಗೇ.

ಪೆಟ್ರೋಲ್ ನೀರಿನ ಹಾಗೆ ಒಂದೇ ಬಿಸಿಗೆ ಕುದಿಯುವ ವಸ್ತುವಲ್ಲ. ಅದು ಹಲವು ಎಣ್ಣೆಗಳ ಬೆರಕೆ. ಹಗುರವಾದ ಭಾಗ 35–40 ಡಿಗ್ರಿಗೇ ಕುದಿಯಲು ಶುರು ಮಾಡುತ್ತದೆ, ಭಾರದ ಭಾಗ ಹೋಗಲು 200 ಡಿಗ್ರಿ ಹತ್ತಿರ ಬೇಕು. ಕಾರ್ಬುರೇಟರಿನ ಬಟ್ಟಲಲ್ಲಿ ನಿಂತ ಪೆಟ್ರೋಲ್ ಹೀಗೆ ಕುದಿದಾಗ ಗುಳ್ಳೆಗಳು ಅದನ್ನು ಜೆಟ್ಟಿನ (ಪೆಟ್ರೋಲ್ ಹಾಯುವ ಸಣ್ಣ ತೂತು) ದಾರಿಯಲ್ಲಿ ಮೇಲಕ್ಕೆ ತಳ್ಳುತ್ತವೆ. ಅದು ತೊಟ್ಟು ತೊಟ್ಟಾಗಿ ಇಂಜಿನ್ ಒಳಕ್ಕೆ ಗಾಳಿ ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡಿಗೆ ಬೀಳುತ್ತದೆ. ನೀವು ಬಂದು ಸೆಲ್ಫ್ ಹೊಡೆಯುವ ಹೊತ್ತಿಗೆ ಒಳಗೆ ಪೆಟ್ರೋಲಿನ ಸಣ್ಣ ಹೊಂಡವೇ ಆಗಿರುತ್ತದೆ. ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಕಿಡಿ ಕೊಡುವ ಪ್ಲಗ್ ಒದ್ದೆ. ಅದಕ್ಕೇ ಕಪ್ಪು ಹೊಗೆ, ಅದಕ್ಕೇ ವಾಸನೆ, ಅದಕ್ಕೇ ಮಿಸ್ಸಿಂಗ್. ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಹೊಂಡ ಖಾಲಿ, ಹೊಸ ಪೆಟ್ರೋಲ್ ಬಂದು ಬಟ್ಟಲು ತಣ್ಣಗೆ, ಪ್ಲಗ್ಗೂ ಒಣಗಿತು.

ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇತ್ತಲ್ಲ ಅಂತೀರಾ? ಆ ಮುಳ್ಳು ಹೇಳುವುದು ನೀರಿನ ಸಮಾಚಾರ ಮಾತ್ರ. ಕಾರ್ಬುರೇಟರಿನ ಸಮಾಚಾರ ಅದಕ್ಕೆ ಗೊತ್ತಿಲ್ಲ. ನಿಮ್ಮ ಇಂಜಿನ್ ಓವರ್‌ಹೀಟ್ ಆಗುತ್ತಿಲ್ಲ. ಆದ್ದರಿಂದ ಇಂಜಿನ್ ಬಿಸಿಯಾಗುವ ತನಕ ನೀರನ್ನು ತಡೆಹಿಡಿಯುವ ಥರ್ಮೋಸ್ಟಾಟಿನ ತಂಟೆಗೆ ದಯವಿಟ್ಟು ಹೋಗಬೇಡಿ. ಅದನ್ನು ಕಿತ್ತರೆ ನಿಮ್ಮೂರಿನ ಜುಲೈ ತಿಂಗಳ ಚಳಿಯಲ್ಲಿ ಇಂಜಿನ್ ಕಾಯುವುದೇ ಇಲ್ಲ. ಚೋಕ್ ಹಾಕಿಕೊಂಡೇ ಓಡಿಸುತ್ತೀರಿ, ಆಯಿಲ್‌ನಲ್ಲಿ ನೀರಿನ ಪಸೆ ಸೇರಿ ಗೊಜ್ಜಾಗುತ್ತದೆ, ಸಿಲಿಂಡರಿನ ಬೋರು ಸವೆಯುತ್ತದೆ. ಕಾಫಿ ನಂತರದ ನಡುಕ ಮಾತ್ರ ಹಾಗೆಯೇ ಉಳಿಯುತ್ತದೆ.

ವೇಪರ್ ಲಾಕ್ ಅನ್ನುವ ಮಾತು ನಮ್ಮ ಕಡೆ ಬಹಳ ಸಸ್ತಾ ಆಗಿಬಿಟ್ಟಿದೆ. ಬಿಸಿಲಲ್ಲಿ ನಿಂತ ಗಾಡಿಗೆಲ್ಲ ಅದೇ ಹೆಸರು. ನಿಜವಾದ ವೇಪರ್ ಲಾಕ್ ಆಗುವುದು ಕಾರ್ಬುರೇಟರಿನಲ್ಲಿ ಅಲ್ಲ, ಅದಕ್ಕಿಂತ ಮೊದಲು, ಎಸಿ ಪಂಪ್ ಮತ್ತು ಪಂಪಿಗೆ ಬರುವ ಪೈಪಿನಲ್ಲಿ. ಡಿಕ್ಕಿ ಕಡೆಯ ಟ್ಯಾಂಕಿನಿಂದ ಪಂಪು ಪೆಟ್ರೋಲನ್ನು ಎಳೆಯುತ್ತದೆ. ಎಳೆಯುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆ ಆದಲ್ಲಿ ಬೇಗ ಕುದಿಯುತ್ತದೆ. ಪಂಪು ಪೆಟ್ರೋಲಿನ ಬದಲು ಆವಿಯನ್ನು ಅಗಿಯುತ್ತಾ ಕೂರುತ್ತದೆ. ಆಗ ಇಂಜಿನ್‌ಗೆ ಪೆಟ್ರೋಲ್ ಸಿಗುವುದಿಲ್ಲ. ಕಪ್ಪು ಹೊಗೆ ಎಲ್ಲಿಂದ ಬರಬೇಕು? ನಿಮ್ಮದು ಹೊಟ್ಟೆ ಬಿರಿಯ ತಿಂದ ಕಾಯಿಲೆ, ವೇಪರ್ ಲಾಕ್ ಉಪವಾಸದ ಕಾಯಿಲೆ. ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ಮೂಢನಂಬಿಕೆ ಏನಲ್ಲ, ನಿಜವಾದ ವೇಪರ್ ಲಾಕಿಗೆ ಅದು ಕೆಲಸ ಮಾಡುತ್ತದೆ. ನಿಮಗೆ ಮಾಡುವುದಿಲ್ಲ ಅಷ್ಟೆ. (ಪ್ಲಾಸ್ಟಿಕ್ ಫಿಲ್ಟರ್ ಅರ್ಧ ಖಾಲಿ ಕಂಡ ಮಾತ್ರಕ್ಕೆ ಗಾಬರಿ ಬೇಡ. ಚೆನ್ನಾಗಿ ಓಡುವ ಗಾಡಿಯಲ್ಲೂ ಅದು ಹಾಗೇ ಇರುತ್ತದೆ.)

ಗಾಳಿ ತೆಳುವಾಯಿತು ಅನ್ನುವುದಕ್ಕೆ ನನಗೆ ನಗು ಬಂತು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್. ನಿಮ್ಮ ತೀರ್ಥಹಳ್ಳಿಯೇ 590ರ ಹತ್ತಿರ ಇದೆ ಮಾರಾಯ್ರೆ! ದಿನಾ ಅಲ್ಲೇ ಓಡಾಡುವ ಗಾಡಿಗೆ ಅರವತ್ತು ಮೀಟರ್ ಮೇಲೆ ಹೋದರೆ ಉಸಿರು ಕಟ್ಟುವುದಿಲ್ಲ.

ಇನ್ನು ಭಾವನ ಎಥನಾಲ್ ವಾದ. ಅವರದ್ದು ಪೂರ್ತಿ ತಪ್ಪಲ್ಲ. ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಆಗಿ, ಈಗ ಬಂಕುಗಳಲ್ಲಿ ಬರುತ್ತಿರುವುದು ಹೆಚ್ಚಾಗಿ ಅದೇ. ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲಿಗೆ ಸ್ವಲ್ಪ ಬೆರೆಸಿದರೆ ಪೆಟ್ರೋಲೇ ಇನ್ನಷ್ಟು ಬೇಗ ಆವಿಯಾಗುವ ಗುಣ ಬರುತ್ತದೆ. 10 ಭಾಗದ ಆಸುಪಾಸಿನಲ್ಲಿ ಆ ಗುಣ ಹೆಚ್ಚು, 20ಕ್ಕೆ ಹೋದರೆ ಸ್ವಲ್ಪ ತಗ್ಗುತ್ತದೆ. ಅಂದರೆ ಕುದಿಯುವುದಕ್ಕೆ ಎಥನಾಲ್ ಒಂದು ಕೈ ಹಾಕಿರಬಹುದು. ಆದರೆ ಅದರ ಇನ್ನೊಂದು ಗುಣ ನೋಡಿ. ಬರೀ ಪೆಟ್ರೋಲ್ ಒಂದು ಕಿಲೋ ಸುಡಲು 14.7 ಕಿಲೋ ಗಾಳಿ ಬೇಕು, ಈ ಬೆರಕೆಗೆ ಸುಮಾರು 13.5 ಸಾಕು. ಹಳೇ ಜೆಟ್ಟಿನಲ್ಲಿ ಇದೇ ಬೆರಕೆ ಹರಿದರೆ ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗಬೇಕು. ನಿಮ್ಮ ಗಾಡಿ ಕಪ್ಪು ಹೊಗೆ ಬಿಡುತ್ತಿದೆ. ಎಥನಾಲ್ ಒಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಹಾಗಂತ ಎಥನಾಲಿನಿಂದ ನಿಮಗೆ ತೊಂದರೆ ಇಲ್ಲ ಎಂದಲ್ಲ. 1984ರ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇದನ್ನು ತಡೆಯುವಂತೆ ಮಾಡಿದವಲ್ಲ. ಊದಿಕೊಂಡು, ಮೆತ್ತಗಾಗಿ, ಆಮೇಲೆ ಬಿರಿಯುತ್ತವೆ. ಕಾದ ಮ್ಯಾನಿಫೋಲ್ಡಿನ ಪಕ್ಕ ಬಿರಿದ ಪೈಪು ಅಂದರೆ ಬೆಂಕಿಗೆ ಆಹ್ವಾನ. ಮೈ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಪೈಪು ಸಿಗುತ್ತದೆ, ಅದನ್ನೇ ಹಾಕಿಸಿ. ಇನ್ನೊಂದು ಮಾತು. ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲ ಪೂರ್ತಿ ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಅರ್ಧ ಟ್ಯಾಂಕ್ ಬಿಟ್ಟು ನಿಲ್ಲಿಸಬೇಡಿ. ಟ್ಯಾಂಕಿನ ಖಾಲಿ ಜಾಗದಲ್ಲಿರುವ ತೇವವೆಲ್ಲ ಪೆಟ್ರೋಲಿಗೆ ಸೇರಿ, ಕೊನೆಗೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳದಲ್ಲಿ ಕೂರುತ್ತವೆ.

ಹಾಗಾದರೆ ನಿಮ್ಮದರಲ್ಲಿ ನಿಜವಾದ ಕಳ್ಳ ಯಾರು? ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ: ‘ಹೋದ ವರ್ಷ ಕಾರ್ಬುರೇಟರ್ ಓವರ್‌ಹಾಲ್.’ ಅದಕ್ಕಿಂತ ಮೊದಲೂ ನಿಮ್ಮ ತಂದೆಯವರು ಇದೇ ಘಾಟಿ ಹತ್ತಿದ್ದಾರೆ, ಇದೇ ಕಾಫಿ ಕುಡಿದಿದ್ದಾರೆ. ಆಗ ಹೀಗಾಗುತ್ತಿತ್ತಾ? ಮನೆಯಲ್ಲಿ ಕೇಳಿ ನೋಡಿ. ಆಗುತ್ತಿರಲಿಲ್ಲ ಅಂದರೆ ಒಂದು ಟಾರ್ಚ್ ಹಿಡಿದು ಕಾರ್ಬುರೇಟರ್ ಕೂತಿರುವ ಜಾಗ ನೋಡಿ. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಕಪ್ಪಗೋ ಕಂದಗೋ ಇರುವ ದಪ್ಪನೆಯ ಬೇಕಲೈಟ್ ಪ್ಯಾಕಿಂಗ್ ಇರಬೇಕು. ಬಿಸಿ ಮೇಲೇರದಂತೆ ತಡೆಯುವುದೇ ಅದರ ಕೆಲಸ. ಓವರ್‌ಹಾಲ್ ಮಾಡುವಾಗ ಅದು ಬಿರುಕು ಬಿಟ್ಟಿದ್ದರೆ ಎಷ್ಟೋ ಕಡೆ ಅದನ್ನು ಎಸೆದು, ಎರಡು ಕಾಗದದ ಪ್ಯಾಕಿಂಗ್ ಕೊಟ್ಟು ಬಿಗಿದುಬಿಡುತ್ತಾರೆ. ತಣ್ಣಗಿರುವಾಗ ಗಾಡಿ ಸೊಗಸಾಗಿ ಓಡುತ್ತದೆ. ಡೆಲಿವರಿ ತೆಗೆದುಕೊಳ್ಳುವಾಗ ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಲೇತಿನಲ್ಲಿ ಅಲ್ಯುಮಿನಿಯಂ ತುಂಡು ಮಾಡಿಸಿ ಹಾಕಿದ್ದನ್ನೂ ನೋಡಿದ್ದೇನೆ. ನೋಡಲು ಚೆಂದ, ಆದರೆ ಅಲ್ಯುಮಿನಿಯಂ ಬಿಸಿಯನ್ನು ತಡೆಯುವುದಿಲ್ಲ, ಹೊತ್ತು ತಂದು ಕೊಡುತ್ತದೆ.

ಪ್ಯಾಕಿಂಗ್ ಸರಿ ಇದ್ದರೆ ಮುಂದಿನ ಅನುಮಾನ ಬಟ್ಟಲಲ್ಲಿ ತೇಲುವ ಫ್ಲೋಟಿನ ಮಟ್ಟದ ಮೇಲೆ. ನಿಮ್ಮ ಗಾಡಿಯ ಸೋಲೆಕ್ಸ್ ಕಾರ್ಬುರೇಟರಿನಲ್ಲಿ, ಬಟ್ಟಲು ತುಂಬಿದಾಗ ಪೆಟ್ರೋಲಿನ ದಾರಿ ಮುಚ್ಚುವ ನೀಡಲ್ ವಾಲ್ವಿನ ಕೆಳಗೆ ಒಂದು ವಾಷರ್ ಇರುತ್ತದೆ. ಆ ವಾಷರಿನ ದಪ್ಪವೇ ಬಟ್ಟಲಲ್ಲಿ ಪೆಟ್ರೋಲ್ ಎಷ್ಟು ಎತ್ತರ ನಿಲ್ಲಬೇಕು ಅಂತ ತೀರ್ಮಾನಿಸುವುದು. ತೆಳು ವಾಷರ್ ಹಾಕಿದರೆ ಬಟ್ಟಲು ಜಾಸ್ತಿ ತುಂಬುತ್ತದೆ, ಸ್ವಲ್ಪ ಕುದಿದರೂ ಉಕ್ಕುತ್ತದೆ. ಎಸಿ ಪಂಪಿಗೂ ಬ್ಲಾಕಿಗೂ ನಡುವೆ ಇಂಥದೇ ದಪ್ಪ ಪ್ಯಾಕಿಂಗ್ ಇದೆ. ಅದು ತೆಳುವಾದರೆ ಪಂಪಿನ ಹೊಡೆತ ಹೆಚ್ಚಾಗಿ ನೀಡಲನ್ನೇ ತಳ್ಳಿಕೊಂಡು ಪೆಟ್ರೋಲ್ ನುಗ್ಗುತ್ತದೆ. ಚೋಕ್ ಕೇಬಲ್ ಪೂರ್ತಿ ವಾಪಸು ಹೋಗುತ್ತಿದೆಯಾ ಅದನ್ನೂ ನೋಡಿ. ಡ್ಯಾಶ್‌ಬೋರ್ಡಿನ ಗುಂಡಿ ಒಳಗೆ ಹೋಗಿದ್ದರೂ ಆ ಕಡೆ ತುದಿಯಲ್ಲಿ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ಇದು ಎರಡು ನಿಮಿಷದ ಕೆಲಸ.

ಕಾರ್ಬುರೇಟರ್ ಕಡೆಯ ರಿಪೇರಿಗೆ ಮೊದಲು ನೀವೇ ಒಂದು ಪರೀಕ್ಷೆ ಮಾಡಬಹುದು. ಮುಂದಿನ ಸಲ ಮೇಲೆ ಬಂದಾಗ ಐದು ನಿಮಿಷ ಮಾತ್ರ ನಿಲ್ಲಿಸಿ ಸ್ಟಾರ್ಟ್ ಮಾಡಿ. ಇನ್ನೊಂದು ಸಲ ಇಪ್ಪತ್ತು ನಿಮಿಷ. ಮತ್ತೊಂದು ಸಲ ಒಂದೂವರೆ ಗಂಟೆ. ಐದಕ್ಕೂ ಒಂದೂವರೆ ಗಂಟೆಗೂ ತೊಂದರೆ ಇಲ್ಲ, ಇಪ್ಪತ್ತಕ್ಕೆ ಮಾತ್ರ ಅಂದರೆ ನಾನು ಹೇಳಿದ್ದೇ ಸರಿ. ಆ ಇಪ್ಪತ್ತು ನಿಮಿಷದ ಸ್ಟಾರ್ಟಿಗೆ ಒಂದು ಉಪಾಯ: ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ನಿಧಾನವಾಗಿ ನೆಲಕ್ಕೆ ಒತ್ತಿ, ಒತ್ತಿದಂತೆಯೇ ಹಿಡಿದು ಸೆಲ್ಫ್ ಹೊಡೆಯಿರಿ. ಗಾಳಿ ನುಗ್ಗಿ ಒಳಗಿನ ಪೆಟ್ರೋಲ್ ಹೊರಗೆ ಹೋಗುತ್ತದೆ. ಹೊತ್ತಿಕೊಂಡ ತಕ್ಷಣ ಕಾಲು ಸಡಿಲಿಸಿ. ನಾವೆಲ್ಲ ಗಾಬರಿಯಲ್ಲಿ ಮಾಡುವುದು ಇದಕ್ಕೆ ಉಲ್ಟಾ. ಟಪಟಪ ಅಂತ ಪೆಡಲ್ ತುಳಿಯುತ್ತೇವೆ. ಒಂದೊಂದು ತುಳಿತಕ್ಕೂ ಕಾರ್ಬುರೇಟರ್ ಇನ್ನೊಂದು ಚಿಮ್ಮು ಪೆಟ್ರೋಲ್ ಸುರಿಯುತ್ತದೆ. ಹೀಗೆ ಎಷ್ಟೋ ತಿಂಗಳು ಮಾಡಿದ್ದರೆ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಬದಲಾಯಿಸಿ, ತೆಳುವಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ.

ರಿಪೇರಿಯ ದಾರಿಗಳಲ್ಲಿ ನನ್ನ ಮತ ಸರಿಯಾದ ಬೇಕಲೈಟ್ ಪ್ಯಾಕಿಂಗಿಗೇ. ಅಗ್ಗ, ಕಂಪನಿ ಇಟ್ಟ ಹಾಗೇ ಇರುತ್ತದೆ. ಒಂದು ಎಚ್ಚರಿಕೆ ಮಾತ್ರ: ಲೀಕ್ ನಿಲ್ಲಲಿ ಅಂತ ನಟ್ಟನ್ನು ಜೋರಾಗಿ ಬಿಗಿದರೆ ಕಾರ್ಬುರೇಟರಿನ ಬುಡ ಬಿಲ್ಲಿನ ಹಾಗೆ ಬಾಗುತ್ತದೆ. ಆಮೇಲೆ ಗಾಳಿ ಎಳೆಯಲು ಶುರು, ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಒತ್ತದಾಗಿನ ಓಟ) ಸ್ಥಿರವಾಗಿ ನಿಲ್ಲುವುದೇ ಇಲ್ಲ. ಗಾಳಿ ಎಳೆಯುತ್ತಿದೆಯಾ ಅಂತ ನೋಡಲು ಕೆಲವರು ಕಾದ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಆಯಿಲ್ ಕ್ಯಾನಿನಿಂದ ಕೀಲಿನ ಮೇಲೆ ಎರಡು ತೊಟ್ಟು ಇಂಜಿನ್ ಆಯಿಲ್ ಬಿಡಿ, ಶಬ್ದ ಬದಲಾದರೆ ಅಲ್ಲೇ ತೂತಿದೆ. ಪ್ಯಾಕಿಂಗ್ ಹಾಕಿಯೂ ಸ್ವಲ್ಪ ಉಳಿದರೆ ಎಕ್ಸಾಸ್ಟಿಗೂ ಕಾರ್ಬುರೇಟರಿಗೂ ನಡುವೆ ತಗಡಿನ ಮರೆ ಕೊಡಿಸಬಹುದು. ಅದು ಯಾವ ಲಿವರಿಗೂ ತಾಗಬಾರದು. ಆಕ್ಸಿಲರೇಟರ್ ಸಿಕ್ಕಿಕೊಂಡರೆ ಘಾಟಿ ಇಳಿಯುವಾಗ ಜೀವಕ್ಕೇ ಸಂಚಕಾರ.

ಎಲೆಕ್ಟ್ರಿಕ್ ಪಂಪ್ ಹಾಕಿಸಿ ಅಂತಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ವೇಪರ್ ಲಾಕಿಗೆ ಮದ್ದು, ನಿಮ್ಮ ಕಾಯಿಲೆಗಲ್ಲ. ಹಾಕಿಸಲೇಬೇಕು ಅಂದರೆ ಕಾರ್ಬುರೇಟರಿಗೆಂದೇ ಮಾಡಿದ, 2–3 ಪಿಎಸ್‌ಐ ಒತ್ತಡದ್ದು ಹಾಕಿಸಿ. ಇಂಜೆಕ್ಷನ್ ಗಾಡಿಯ ಪಂಪು 40 ಪಿಎಸ್‌ಐ ಮೇಲೆ ತಳ್ಳುತ್ತದೆ. ಹಳೇ ನೀಡಲ್ ಅದರ ಮುಂದೆ ನಿಲ್ಲುವುದೇ ಇಲ್ಲ, ಪೆಟ್ರೋಲ್ ಇಂಜಿನ್ ಮೇಲೆಲ್ಲ ಸುರಿಯುತ್ತದೆ. ಇಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲುವ ಸ್ವಿಚ್ ಇರಲೇಬೇಕು. ಮಾರುತಿ ಕಾರ್ಬುರೇಟರ್ ಹಾಕಿಸಿಕೊಂಡು ಸುಖವಾಗಿ ಓಡಿಸುವವರು ಇದ್ದಾರೆ, ಸುಳ್ಳು ಹೇಳಲಾರೆ. ಆದರೆ ಅದು 796 ಸಿಸಿಗೆ ಮಾಡಿದ್ದು, ನಿಮ್ಮದು 1089. ನಡುವೆ ಒಂದು ಪ್ಲೇಟು ಬೇಕು, ಜೆಟ್ ಬದಲಾಯಿಸಬೇಕು. ಪ್ಲೇಟು ಅಲ್ಯುಮಿನಿಯಂದಾದರೆ ಬಿಸಿಯ ಕಥೆ ಮತ್ತೆ ಮೊದಲಿಂದ.

ಈಗ ಏಪ್ರಿಲ್‌ನ ಆ ದಿನಕ್ಕೆ ಬರೋಣ.

ಗಾಡಿ ಎಳೆಯುತ್ತಿರುವಾಗಲೇ ನಿಂತಿತು. ವಾಸನೆ ಇಲ್ಲ. ಅರ್ಧ ಗಂಟೆಗೆ ಸರಿ. ನಿಜವಾದ ವೇಪರ್ ಲಾಕಿಗೂ ಇದೇ ಲಕ್ಷಣ, ಹಾಗಾಗಿ ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಪೆಟ್ರೋಲ್ ಕಡಿಮೆ ಆದ ಗಾಡಿ ಮೊದಲು ತಡವರಿಸುತ್ತದೆ, ಮುಂದೆ ಹಿಂದೆ ಜಗ್ಗುತ್ತದೆ, ಆಮೇಲೆ ಸಾಯುತ್ತದೆ. ಕರೆಂಟ್ ಹೋದ ಗಾಡಿ ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಲ್ಲುತ್ತದೆ. ನೀವು ‘ಪೂರ್ತಿ ನಿಂತುಹೋಗಿತ್ತು’ ಎಂದಷ್ಟೇ ಬರೆದಿದ್ದೀರಿ. ಹೇಗೆ ನಿಂತಿತು ಅಂತ ನೆನಪು ಮಾಡಿಕೊಳ್ಳಿ.

ನನಗೆ ಅನುಮಾನ ಕಂಡೆನ್ಸರ್ ಮತ್ತು ಕಾಯಿಲ್ ಮೇಲೆ. ಪ್ಲಗ್ಗಿನ ಕಿಡಿಗೆ ಬೇಕಾದ ಜೋರು ಕರೆಂಟ್ ಹುಟ್ಟಿಸುವುದು ಕಾಯಿಲ್. ಕಂಡೆನ್ಸರ್ ಅಂದರೆ ಹೆಬ್ಬೆರಳ ಗಾತ್ರದ ಡಬ್ಬಿ. ಒಳಗೆ ಲೋಹದ ಹಾಳೆ, ನಡುವೆ ಕರೆಂಟ್ ಹಾಯದ ತೆಳುಪದರ, ಸುರುಳಿ ಸುತ್ತಿರುತ್ತದೆ. ಹಳತಾದಾಗ ತಣ್ಣಗಿದ್ದರೆ ಸರಿ, ಕಾದರೆ ಕೈಕೊಡುತ್ತದೆ. ಆಗ ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್) ಬಿಡುವಾಗ ಕಾಯಿಲ್‌ನಲ್ಲಿ ಹುಟ್ಟಬೇಕಾದ ಹೊಡೆತ ಪಾಯಿಂಟಿನಲ್ಲೇ ಕಿಡಿಯಾಗಿ ಉರಿದುಹೋಗುತ್ತದೆ, ಪ್ಲಗ್ಗಿಗೆ ಏನೂ ಉಳಿಯುವುದಿಲ್ಲ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಗ್ಯಾರೇಜು ಶುರು ಮಾಡಿದ ಹೊಸದರಲ್ಲಿ ಸಾಗರದ ಕಡೆಯ ಒಂದು ಅಂಬಾಸಡರ್ ಬಂದಿತ್ತು. ಕಾದರೆ ನಿಲ್ಲುತ್ತದೆ, ಆರಿದರೆ ಓಡುತ್ತದೆ. ನಾನು ತಣ್ಣಗಿನ ಗಾಡಿ ನೋಡಿ, ವೇಪರ್ ಲಾಕ್ ಅಂತ ಘೋಷಿಸಿ, ಪಂಪ್ ಕಿಟ್ ಹಾಕಿದೆ. ವಾಪಸು ಬಂತು. ಕಾರ್ಬುರೇಟರ್ ಕಿಟ್ ಹಾಕಿದೆ. ಮತ್ತೆ ಬಂತು. ಮೂರನೇ ಸಲ ನಾನೇ ಜೊತೆಯಲ್ಲಿ ಕೂತು ಹೊರಟೆ. ಆಯನೂರು ದಾಟಿದ ಮೇಲೆ ಕತ್ತಲಾಗುವ ಹೊತ್ತಿಗೆ ನಿಂತಿತು. ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಅವರಿಗೆ ಸೆಲ್ಫ್ ಹೊಡೆಯಲು ಹೇಳಿದರೆ ಪಾಯಿಂಟಿನ ಮಧ್ಯೆ ಮಿಣುಕುಹುಳದ ಹಾಗೆ ದಪ್ಪ ಕಿಡಿ ಫಳ್ ಫಳ್ ಅನ್ನುತ್ತಿತ್ತು. ನನ್ನ ಡಬ್ಬದಲ್ಲಿದ್ದ ಹಳೇ ಕಂಡೆನ್ಸರ್ ಹಾಕಿದೆ, ಹತ್ತು ನಿಮಿಷದಲ್ಲಿ ಗಾಡಿ ಸಾಗರದ ದಾರಿ ಹಿಡಿಯಿತು. ಎರಡು ಕಿಟ್ಟಿನ ದುಡ್ಡು ವಾಪಸು ಕೊಟ್ಟೆ. ಅಂದಿನಿಂದ ಕಾದಾಗ ಬರುವ ಕಾಯಿಲೆಯನ್ನು ಕಾದಾಗಲೇ ನೋಡುತ್ತೇನೆ.

ನೀವೂ ಇದನ್ನೇ ಮಾಡಬಹುದು. ಗಾಡಿ ನಿಂತ ಕೂಡಲೇ, ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಮುಚ್ಚಳ ತೆಗೆದು ಪಾಯಿಂಟ್ ನೋಡಿ. ಸಣ್ಣ ಚುಕ್ಕೆಯಂಥ ಕಿಡಿ ಇದ್ದರೆ ಪರವಾಗಿಲ್ಲ. ದಪ್ಪಗೆ ಉರಿದರೆ ಕಂಡೆನ್ಸರ್. ವಾಸನೆ ಇದ್ದರೆ ಈ ಪರೀಕ್ಷೆ ಬೇಡವೇ ಬೇಡ. ಮುಚ್ಚಳ ತೆಗೆದಾಗ ಒಳಗಿನ ಸಣ್ಣ ಎಳೆ ತಂತಿಗಳನ್ನೂ ಮೆಲ್ಲಗೆ ಜಗ್ಗಿ ನೋಡಿ. ಹೊರಗೆ ಬಟ್ಟೆ ಸರಿ ಇದ್ದು ಒಳಗೆ ತಂತಿ ತುಂಡಾಗಿರುವುದು ಉಂಟು.

ಕಾಯಿಲ್ ವಿಷಯದಲ್ಲಿ ಒಂದು ಲೆಕ್ಕ ನೋಡಿ. ಹಳೇ ಗಾಡಿಯ ಮಾಮೂಲಿ ಕಾಯಿಲ್ ಸುಮಾರು 3 ಓಮ್. 12 ವೋಲ್ಟಿಗೆ 4 ಆಂಪಿಯರ್ ಎಳೆಯುತ್ತದೆ. ರೆಸಿಸ್ಟರ್ ಜೊತೆ ಹಾಕಬೇಕಾದ ಇನ್ನೊಂದು ಜಾತಿಯ ಕಾಯಿಲ್ 1.5 ಓಮ್ ಇರುತ್ತದೆ. ಅಂಗಡಿಯಲ್ಲಿ ಸಿಕ್ಕಿತು ಅಂತ ಅದನ್ನು ರೆಸಿಸ್ಟರ್ ಇಲ್ಲದೆ ಹಾಕಿದರೆ 8 ಆಂಪಿಯರ್ ಹರಿಯುತ್ತದೆ. ಕಾಯಿಲ್ ಮುಟ್ಟಲಾರದಷ್ಟು ಕಾಯುತ್ತದೆ, ಪಾಯಿಂಟ್ ಸುಟ್ಟುಹೋಗುತ್ತದೆ. ನಿಮ್ಮದರಲ್ಲಿ ಯಾವುದಿದೆ ಅಂತ ಮೀಟರ್ ಇಟ್ಟು ನೋಡಿಸಿ, ಅದೂ ಗಾಡಿ ಕಾದಿರುವಾಗ. ಇಂಜಿನ್ ನಿಲ್ಲಿಸಿ ಹಾಡು ಕೇಳಲು ಕೀ ಆನ್ ಬಿಡುವ ಅಭ್ಯಾಸ ಇದ್ದರೆ ಇವತ್ತಿಗೇ ನಿಲ್ಲಿಸಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಇಂಜಿನ್ ನಿಂತಿದ್ದರೆ ಅಷ್ಟು ಹೊತ್ತೂ ಕಾಯಿಲ್ ಸುಮ್ನೆ ಬೇಯುತ್ತಿರುತ್ತದೆ.

ಕಂಡೆನ್ಸರ್ ಕೊಳ್ಳುವಾಗ ಎರಡು ಕೊಳ್ಳಿ. ಹೊಸ ಡಬ್ಬಿಯಲ್ಲಿ ಬಂದದ್ದೆಲ್ಲ ಒಳ್ಳೆಯದು ಅಂತ ನಂಬಬೇಡಿ. ಒಂದನ್ನು ಹಾಕಿ ಎರಡು ವಾರ ಓಡಿಸಿ, ತೆಗೆದಿಟ್ಟು ಇನ್ನೊಂದನ್ನು ಹಾಕಿ. ಪರೀಕ್ಷೆ ಆದದ್ದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿರಲಿ. ಗಾಡಿಯಲ್ಲಿ ಒಂದು ಸಣ್ಣ ಬೆಂಕಿ ಆರಿಸುವ ಸಿಲಿಂಡರೂ ಇರಲಿ, ಸೀಟಿನ ಕೆಳಗೆ, ಡಿಕ್ಕಿಯಲ್ಲಿ ಅಲ್ಲ.

ವಾಲ್ವನ್ನು ತೆರೆಯಲು ತಳ್ಳುವ ಟ್ಯಾಪೆಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಸೀಸ ಒಳ್ಳೆಯದೇನಲ್ಲ, ಹೋದದ್ದೇ ಒಳ್ಳೆಯದಾಯಿತು. ಆದರೆ ಎಕ್ಸಾಸ್ಟ್ ವಾಲ್ವಿನ ಸೀಟಿಗೆ ಅದು ಮೆತ್ತೆಯ ಹಾಗೆ ಇತ್ತು. ಅದಿಲ್ಲದೆ ಹಳೇ ಮೆತ್ತನೆ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತದೆ, ಟ್ಯಾಪೆಟ್ ಸಂದು ಮುಚ್ಚುತ್ತಾ ಬರುತ್ತದೆ. ಕಾದಾಗ ವಾಲ್ವ್ ಉದ್ದವಾಗಿ ಪೂರ್ತಿ ಮುಚ್ಚುವುದೇ ಇಲ್ಲ. ಅಂಥ ಗಾಡಿ ಕಾದಾಗಲೆಲ್ಲ ಸ್ಲೋ ಸ್ಪೀಡಿನಲ್ಲಿ ಕುಂಟುತ್ತದೆ, ಐದು ಕಿಲೋಮೀಟರ್ ಓಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ನಿಮ್ಮದು ಸರಿಹೋಗುತ್ತಿದೆ, ಹಾಗಾಗಿ ಇದಲ್ಲ. ಆದರೂ ಗಾಡಿ ಬಿಚ್ಚಿದಾಗ ಸಂದು ನೋಡಿಸಿಬಿಡಿ. ಟಕಟಕ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಟ್ಯಾಪೆಟ್ ಕಂಡರೆ ನನಗೆ ಹೆಚ್ಚು ಭಯ.

ಕೆಲಸದ ಸರದಿ ಹೀಗಿರಲಿ. ಮತ್ತೆ ಘಾಟಿ ಹತ್ತುವ ಮೊದಲು ಕಂಡೆನ್ಸರ್, ಪಾಯಿಂಟ್, ಕಾಯಿಲ್, ರಬ್ಬರ್ ಪೈಪು. ಆಮೇಲೆ ಬೇಕಲೈಟ್ ಪ್ಯಾಕಿಂಗ್, ಫ್ಲೋಟ್. ಈ ಕೊನೆಯ ಎರಡನ್ನೂ ಒಂದೇ ದಿನ ಬದಲಾಯಿಸಬೇಡಿ. ಒಂದು ಮಾಡಿ, ಒಂದು ಸಲ ಹೆಬ್ರಿಗೆ ಹೋಗಿ ಬನ್ನಿ, ಆಮೇಲೆ ಇನ್ನೊಂದು. ಇಲ್ಲದಿದ್ದರೆ ಯಾವುದರಿಂದ ವಾಸಿಯಾಯಿತು ಅಂತ ಗೊತ್ತೇ ಆಗುವುದಿಲ್ಲ.

ಇಷ್ಟಾಗಿಯೂ ಬಗೆಹರಿಯದೆ ಶಿವಮೊಗ್ಗದ ತನಕ ತರುವುದಾದರೆ, ಬೆಳಿಗ್ಗೆ ತಣ್ಣಗಿನ ಗಾಡಿ ತರಬೇಡಿ. ಹೆಬ್ರಿಯಿಂದ ನೇರ ಬನ್ನಿ, ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡಿ. ಬಾನೆಟ್ ಮುಚ್ಚಿಯೇ ಇಟ್ಟು, ಇಪ್ಪತ್ತು ನಿಮಿಷದ ಆ ಕಾಫಿಯನ್ನು ಗ್ಯಾರೇಜಿನಲ್ಲೇ ಕುಡಿಯೋಣ.